ಎಡಮೂಲೆಯ ಬೂಟಿನೊಳಗಿನ ಬಿಲ್ಲೆ

ಬೆಳಿಗ್ಗೆ ಎಂಟೂವರೆಗೆ ಎನ್ಸಿಯೊ ಲಾಹ್ತೆಲಾ ಕೋಟಿನ ಜೇಬಿನಲ್ಲಿ ಚೆಂಡಿನ ಬದಲು ಆಡುವ ಕಪ್ಪು ರಬ್ಬರ್ ಬಿಲ್ಲೆಯೊಂದನ್ನು ಇಟ್ಟುಕೊಂಡು ಆಟಗಾರರ ಕೋಣೆಗೆ ಬಂದ. ಐಸ್ ಹಾಕಿ ಪಂದ್ಯದ ದಿನ ಅವನು ಮಾಡುವ ಮೊದಲ ಕೆಲಸ ಅದೇ. ಅಂದು ಯಾವ ಗೋಲ್‌ಕೀಪರ್ ಆಡಬೇಕೋ ಅವನ ಸಾಮಾನಿನ ಗೂಡಿಗೆ ಹೋಗಿ, ಎಡಗಾಲಿನ ಸ್ಕೇಟ್ ಬೂಟಿನೊಳಗೆ ಬಿಲ್ಲೆ ಇಟ್ಟು ಬರುವುದು. ಕೆನಡಾದಲ್ಲಿ ಎರಡು ಚಳಿಗಾಲ ಆಡಿ ಫಿನ್ಲೆಂಡಿಗೆ ಮರಳುವಾಗ ತಂದ ಅಭ್ಯಾಸ. ಬಿಲ್ಲೆ ಸಿಕ್ಕವನು ಗೋಲಿನ ಮುಂದೆ ನಿಲ್ಲುತ್ತಾನೆ. ಸಿಗದವನು ಬೆಂಚಿನ ತುದಿಯಲ್ಲಿ ಕುಳಿತು, ದಣಿದು ಬರುವ ಜೊತೆಗಾರರಿಗೆ ಅಂಕಣದ ಅಡ್ಡಗೋಡೆಯ ಬಾಗಿಲು ತೆಗೆದು ಮುಚ್ಚುತ್ತಾನೆ. ಇದರಲ್ಲಿ ಮಾತಿಗೆ ಜಾಗವಿಲ್ಲ. ಇಪ್ಪತ್ತಾರು ವರ್ಷ ತರಬೇತುದಾರನಾಗಿ ಎನ್ಸಿಯೊ ಐದು ಊರು ಕಂಡಿದ್ದ. ಮೂರು ಕಡೆ ಋತು ಮುಗಿಯುವ ಮೊದಲೇ ಮನೆಗೆ ಕಳಿಸಿದ್ದರು. ಊರುಗಳು ಬಿಟ್ಟುಹೋದವು, ಬಿಲ್ಲೆಯ ಅಭ್ಯಾಸ ಬಿಡಲಿಲ್ಲ.

ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿತ್ತು. ಅವನ ತಲೆಯಲ್ಲಿ ಕ್ಲಬ್ಬಿನ ಅಧ್ಯಕ್ಷೆ ಮಾರ್ಕೆತ್ತಾ ಹಿಂದಿನ ಸಂಜೆ ಹೇಳಿದ್ದೇ ಸುತ್ತುತ್ತಿತ್ತು. "ನಾಳೆ ಸೋತ್ರೆ ಸರಣಿ ಮುಗೀತು, ಕೆಳಗಿನ ದರ್ಜೆಗೆ ಇಳೀತೀವಿ. ಆಮೇಲೆ ನಿನ್ನ ಇಟ್ಕೊಳ್ಳೋಕಾಗಲ್ಲ ಎನ್ಸಿಯೊ. ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಹೇಳ್ತಿದೀನಿ." ಏಳು ಪಂದ್ಯಗಳ ಸರಣಿಯಲ್ಲಿ ಅವರು ಎರಡು ಗೆದ್ದು ಮೂರು ಸೋತಿದ್ದರು. ಐವತ್ತೇಳರ ತರಬೇತುದಾರನನ್ನು ಆರನೇ ಊರು ಕರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕಾಲುಗಳು ತಾವಾಗಿ, ಋತುವಿಡೀ ಆಡಿದ್ದ ನಿಕ್ಲಾಸನ ಎಡಮೂಲೆಗೆ ನಡೆದವು, ಕೈ ತಾನಾಗಿ ಬೂಟಿನೊಳಗೆ ಬಿಲ್ಲೆ ಹಾಕಿತು.

ಒಂಬತ್ತೂವರೆಗೆ ಸಾಮಾನಿನ ಉಸ್ತುವಾರಿಯ ಮುದುಕ ಸುಲೊ ಎರಡು ಲೋಟ ಕಾಫಿ ಹಿಡಿದು ಎನ್ಸಿಯೊನ ಕೋಣೆಗೆ ಬಂದ.

"ಏನಪ್ಪಾ, ಇವತ್ತು ಜಾಲ್ಮರೀನ ಇಳಿಸ್ತಿದೀಯಂತೆ? ಗಟ್ಟಿ ಗುಂಡಿಗೆ ಕಣಯ್ಯ ನಿಂದು."

"ಯಾವ ಜಾಲ್ಮರಿ? ನಿಕ್ಲಾಸ್ ಆಡ್ತಾನೆ."

ಸುಲೊ ಲೋಟಗಳನ್ನು ಮೇಜಿನ ಮೇಲಿಟ್ಟ. "ನಿನ್ನೆ ಮಧ್ಯಾಹ್ನ ಎಡಮೂಲೆ ಗೋಡೆ ಹಿಂದೆ ಪೈಪು ಸೋರ್ತು. ನಿಕ್ಲಾಸನ ಸಾಮಾನೆಲ್ಲ ಒದ್ದೆ. ಜಾಲ್ಮರಿನೇ ಬಂದು, ನಾನು ಹೇಗೂ ಆಡಲ್ಲ, ನನ್ನ ಒಣ ಗೂಡು ಅವನಿಗೆ ಕೊಡು, ಒದ್ದೆ ಮೂಲೆ ನಂಗಿರ್ಲಿ ಅಂದ. ಹೆಸರಿನ ಹಲಗೆ ಕೂಡ ಬದಲಾಯಿಸಿದೀನಲ್ಲ. ನೀನು ಓದ್ಲಿಲ್ವಾ?"

ಎನ್ಸಿಯೊ ಹಲಗೆ ಓದಿರಲಿಲ್ಲ. ಜಾಲ್ಮರಿ ತುವೊಕ್ಕೊಗೆ ಮೂವತ್ತೊಂದು ವರ್ಷ. ಇಡೀ ಋತುವಿನಲ್ಲಿ ಬಾಗಿಲು ತೆಗೆದದ್ದೇ ಅವನ ಆಟ.

"ಹೋಗಿ ತಗೊಂಡು ನಿಕ್ಲಾಸನ ಬೂಟಿಗೆ ಹಾಕ್ಬಿಡು," ಎಂದ ಸುಲೊ. "ಪೈಪಿಂದ ಆದ ತಪ್ಪು. ಯಾರೂ ಏನೂ ಅನ್ಕೊಳ್ಳಲ್ಲ."

ಎನ್ಸಿಯೊ ಎದ್ದ. ಬಾಗಿಲವರೆಗೂ ಹೋದ. ಅಲ್ಲಿ ನಿಂತುಬಿಟ್ಟ.

ಹನ್ನೊಂದು ವರ್ಷದ ಹಿಂದೆ, ಉತ್ತರದ ಊರೊಂದರಲ್ಲಿ, ಅವನು ಒಮ್ಮೆ ಬಿಲ್ಲೆ ಹಿಂದಕ್ಕೆ ತೆಗೆದಿದ್ದ. ಬೆಳಿಗ್ಗೆ ಏರೊ ಎಂಬ ಗೋಲ್‌ಕೀಪರನಿಗೆ ಇಟ್ಟದ್ದನ್ನು ಮಧ್ಯಾಹ್ನ ಸಮಿತಿಯವರ ಮಾತಿಗೆ ಮಣಿದು ಇನ್ನೊಬ್ಬನಿಗೆ ಕೊಟ್ಟ. ಆ ಪಂದ್ಯ ಗೆದ್ದರು. ಅಂದಿನಿಂದ ಏರೊ ದಿನವೂ ಬೂಟಿನೊಳಗೆ ಎರಡೆರಡು ಸಲ ಕೈಹಾಕಿ ನೋಡುತ್ತಿದ್ದ. ಬಿಲ್ಲೆ ಸಿಕ್ಕರೂ ನಂಬುತ್ತಿರಲಿಲ್ಲ. ವಸಂತ ಬರುವ ಹೊತ್ತಿಗೆ ಆಟವನ್ನೇ ಬಿಟ್ಟ. ಈಗ ಬಸ್ಸು ಓಡಿಸುತ್ತಾನೆ. ಒಮ್ಮೆ ನಿಲ್ದಾಣದಲ್ಲಿ ಕೈ ಬೀಸಿದ್ದ. ಎನ್ಸಿಯೊ ಶೂ ಲೇಸು ಕಟ್ಟುವವನಂತೆ ಬಗ್ಗಿಬಿಟ್ಟಿದ್ದ.

ಅವನು ಮರಳಿ ಕುರ್ಚಿಗೆ ಬಂದು ಕಾಫಿ ಎತ್ತಿಕೊಂಡ. "ಇಟ್ಟಿದ್ದು ಇಟ್ಟಾಯ್ತು, ಸುಲೊ."

"ಕೆಲಸ ಹೋಗತ್ತೆ ಕಣೋ."

"ಹೋಗ್ಲಿ."

ಗುರುವಾರವಾದ್ದರಿಂದ ಫಿನ್ಲೆಂಡಿನ ವಾಡಿಕೆಯಂತೆ ಮಧ್ಯಾಹ್ನ ಬಟಾಣಿ ಸೂಪು, ಮೇಲೆ ಸಾಸಿವೆ, ಕೊನೆಗೆ ಜಾಮಿನ ಜೊತೆ ಪ್ಯಾನ್‌ಕೇಕು. ನಿಕ್ಲಾಸ್ ತಟ್ಟೆ ಮುಟ್ಟದೆ ಎನ್ಸಿಯೊನ ಮೇಜಿನ ಬಳಿ ಬಂದು ನಿಂತ.

"ಕೋಚ್, ನನ್ನ ಬೂಟು ಖಾಲಿ ಇದೆ."

"ಹೌದು."

"ಈ ಋತುವಲ್ಲಿ ಒಂದು ಪಂದ್ಯನೂ ತಪ್ಪಿಸಿಲ್ಲ ನಾನು. ಮೊಣಕಾಲು ಊದಿದಾಗ್ಲೂ ನಿಂತಿದೀನಿ. ಏನ್ ತಪ್ಪು ಮಾಡ್ದೆ ಹೇಳಿ."

"ನೀನೇನೂ ತಪ್ಪು ಮಾಡಿಲ್ಲ. ಬಿಲ್ಲೆ ಇಟ್ಟೋನು ನಾನು, ಇಟ್ಟ ಮೇಲೆ ತೆಗೆಯಲ್ಲ. ಇವತ್ತು ಬಾಗಿಲು ನಿಂದು. ಅದನ್ನ ಚೆನ್ನಾಗಿ ನೋಡ್ಕೊ."

ನಿಕ್ಲಾಸ್ ಮುಖ ಊದಿಸಿಕೊಂಡು ಹೋದ.

ಸಂಜೆ ಆರೂವರೆಗೆ ಆಟ ಶುರುವಾದ ಎರಡೇ ನಿಮಿಷಕ್ಕೆ ಸಾಧಾರಣ ಹೊಡೆತವೊಂದು ಜಾಲ್ಮರಿಯ ಕಾಲುಗಳ ನಡುವೆ ನುಸುಳಿ ಗೋಲಾಯಿತು. ಬೆಂಚಿನ ಹಿಂದಿನಿಂದ ಯಾರೋ ಕೂಗಿದರು. "ಏ ಎನ್ಸಿಯೊ, ಬಾಗಿಲು ಕಾಯೋನ್ನ ಯಾಕಪ್ಪ ಗೋಲಿಗೆ ಕಳಿಸ್ದೆ? ಅಭ್ಯಾಸಬಲ, ತೆಗೆದುಬಿಟ್ಟ ನೋಡು." ಸುತ್ತ ನಗು. ನಿಕ್ಲಾಸ್ ಹೆಲ್ಮೆಟ್ ಕೈಗೆತ್ತಿಕೊಂಡು ತರಬೇತುದಾರನ ಕಡೆ ನೋಡಿದ. ಎನ್ಸಿಯೊ ತಲೆಯಾಡಿಸಿದ, ಇಲ್ಲ ಎಂದು. ಆಮೇಲೆ ಜಾಲ್ಮರಿಯ ಕಡೆ ತಿರುಗಿ, ಅವನಿಗೆ ಕಾಣುವಂತೆ ಎರಡೂ ಕೈಗಳನ್ನು ಜೇಬಿಗೆ ಹಾಕಿ ನಿಂತ. ಬದಲಾಯಿಸುವುದಿಲ್ಲ ಎನ್ನುವುದಕ್ಕೆ ಬೇರೆ ಮಾತು ಬೇಕಿರಲಿಲ್ಲ.

ಎರಡನೇ ಅವಧಿಯ ಹೊತ್ತಿಗೆ ಜಾಲ್ಮರಿಯ ಕಾಲುಗಳು ನೆಲೆಗೊಂಡವು. ಕೈಗವಸಿಗೆ ಬಿಲ್ಲೆ ಬಿದ್ದಾಗ ಬರುವ ಸದ್ದು ಮೆತ್ತಗಾಯಿತು. ಆ ಸದ್ದು ಕೇಳಿದರೆ ಎನ್ಸಿಯೊಗೆ ಗೋಲ್‌ಕೀಪರನ ಮನಸ್ಸು ಗೊತ್ತಾಗುತ್ತಿತ್ತು. ಕೊನೆಯ ಅವಧಿಯಲ್ಲಿ ಮೂರು ನಿಮಿಷ ಉಳಿದಿರುವಾಗ ಎರಡೂ ತಂಡ ಎರಡೆರಡು ಗೋಲಿನಲ್ಲಿದ್ದವು. ಅದುವರೆಗೂ ಮುನಿಸಿನಿಂದ ಕುಳಿತಿದ್ದ ನಿಕ್ಲಾಸ್ ಈಗ ಎದ್ದು ನಿಂತಿದ್ದ, ಬಾಗಿಲ ಚಿಲಕದ ಮೇಲೆ ಕೈಯಿಟ್ಟು.

"ಬಾರೋ, ಬಾರೋ, ಬಾ," ಎಂದು ಅವನು ದಣಿದ ಆಟಗಾರನೊಬ್ಬನನ್ನು ಕರೆದ. ಅವನು ಹತ್ತಿರ ಬರುವಷ್ಟರಲ್ಲೇ ಬಾಗಿಲು ತೆರೆದಿತ್ತು. ಅವನು ಒಳಗೆ ಬಿದ್ದ, ಅವನ ಬದಲು ಇನ್ನೊಬ್ಬ ಗೋಡೆ ಹಾರಿ ಹೊರಗೆ ಚಿಮ್ಮಿದ. ಎದುರಾಳಿಗಳು ಇನ್ನೂ ತಮ್ಮವರನ್ನು ಬದಲಾಯಿಸಿಕೊಳ್ಳುತ್ತಿದ್ದರು. ತೆರೆದ ಮಂಜುಗಡ್ಡೆಯ ಮೇಲೆ ಆ ತಾಜಾ ಕಾಲುಗಳನ್ನು ಹಿಡಿಯುವವರಿರಲಿಲ್ಲ. ಗೋಲು. ಮೂರು, ಎರಡು.

ಉಳಿದ ಹೊತ್ತೆಲ್ಲ ಜಾಲ್ಮರಿಯದು. ಒಮ್ಮೆ ಹೊಟ್ಟೆಯ ಮೇಲೆ ಬಿದ್ದು, ಒಮ್ಮೆ ಕೋಲು ಕಳೆದುಕೊಂಡು ಬರಿಗವಸಿನಲ್ಲಿ, ಅವನು ತಡೆಯುತ್ತಲೇ ಹೋದ. ಗಂಟೆ ಹೊಡೆದಾಗ ಮೊದಲು ಅವನನ್ನು ತಬ್ಬಿಕೊಂಡವನು ನಿಕ್ಲಾಸ್.

ಉಳಿದವರೆಲ್ಲ ಸ್ನಾನಕ್ಕೆ ಹೋದ ಮೇಲೆ ಎನ್ಸಿಯೊ ಎಡಮೂಲೆಗೆ ಹೋಗಿ ಜಾಲ್ಮರಿಯ ಪಕ್ಕ ಕುಳಿತ. ಗೋಡೆ ಇನ್ನೂ ತೇವವಾಗಿತ್ತು.

"ನಿಂಗೊಂದು ಹೇಳ್ಬೇಕು. ಆ ಬಿಲ್ಲೆ..."

"ಗೊತ್ತು ಕೋಚ್. ನಿಮಗೆ ಗೂಡು ಬದಲಾಗಿದ್ದು ಗೊತ್ತಿರ್ಲಿಲ್ಲ." ಜಾಲ್ಮರಿ ಕಾಲಿನ ಪಟ್ಟಿ ಬಿಚ್ಚುತ್ತಿದ್ದ. "ಬೆಳಿಗ್ಗೆ ಬೂಟಿಂದ ತೆಗೆದು ಬೆಂಚಿನ ಮೇಲಿಟ್ಟೆ. ನೀವು ಬಂದ್ರೆ ತಗೊಂಡು ಹೋಗೋಕೆ ಸುಲಭ ಆಗ್ಲಿ ಅಂತ. ಹನ್ನೆರಡು ಗಂಟೆವರೆಗೆ ಗೋಡೆ ಕಡೆ ಮುಖ ಮಾಡಿ ಕೂತಿದ್ದೆ, ನಿಮಗೆ ಮುಜುಗರ ಆಗಬಾರ್ದಲ್ಲ."

"ಆಮೇಲೆ?"

"ನೀವು ಬರಲಿಲ್ಲ. ಆಗ ಅದು ನಂದು ಅನ್ನಿಸ್ತು."

ಎನ್ಸಿಯೊ ಅವನ ಒದ್ದೆ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಎದ್ದ.

ಸರಣಿ ಈಗ ಮೂರು, ಮೂರು. ಶನಿವಾರ ಏಳನೇ ಪಂದ್ಯ. ಮಾರ್ಕೆತ್ತಾ ಫೋನು ಮಾಡಿ, "ಶನಿವಾರ ನಿಕ್ಲಾಸ್ ತಾನೇ?" ಎಂದು ಕೇಳಿದಳು. "ಬಿಲ್ಲೆ ಯಾರ ಬೂಟಲ್ಲಿರತ್ತೋ ಅವನು," ಎಂದ. "ಸೋತ್ರೆ ಗೊತ್ತಲ್ಲ?" ಎಂದಳು. ಗೊತ್ತು ಎಂದ.

ಶನಿವಾರ ಎಂಟೂವರೆಗೆ ಅವನು ಕೋಣೆಗೆ ಬಂದು ಎಲ್ಲ ದೀಪಗಳನ್ನೂ ಹಾಕಿದ. ಒಂದೊಂದೇ ಹಲಗೆಯ ಮೇಲಿನ ಹೆಸರು ಓದುತ್ತ, ಆತುರವಿಲ್ಲದೆ, ಎಡಮೂಲೆಯವರೆಗೆ ನಡೆದ. ಅಲ್ಲಿ ಜಾಲ್ಮರಿ ತುವೊಕ್ಕೊ ಎಂದಿತ್ತು. ಇನ್ನೊಮ್ಮೆ ಓದಿದ. ಜೇಬಿನಿಂದ ಬಿಲ್ಲೆ ತೆಗೆದು ಎಡಗಾಲಿನ ಬೂಟಿನೊಳಗೆ ಇಟ್ಟು, ಹೆಬ್ಬೆರಳಿನಿಂದ ತುದಿಯವರೆಗೂ ಒತ್ತಿದ.