ಬೆಟ್ಟದ ತುದಿಯ ಡಬ್ಬದಲ್ಲಿ ನನ್ನ ಹೆಸರು

ನಮ್ಮ ವಸತಿಗೃಹದಲ್ಲಿ ಉಳಿದವರಿಗೆ ಬೆಳಗಿನ ತಿಂಡಿಯ ಜೊತೆ ನನ್ನ ಭಾಷಣ ಪುಕ್ಕಟೆ. ಒಂದು ಕೈಯಲ್ಲಿ ಕಾಫಿ ಜಗ್ಗು, ಇನ್ನೊಂದು ಕೈ ಕಿಟಕಿಯಾಚೆಗಿನ ಬೆಟ್ಟದ ಕಡೆ. "ಕೆರೆ ಬಲಕ್ಕೆ ಬಿಟ್ಟು ಹೋಗಿ. ಜಲಪಾತದ ಹತ್ತಿರ ಬಂಡೆ ಜಾರುತ್ತೆ, ಹುಷಾರು. ತುದಿಗೆ ಹೋದ್ರೆ ಮೂರು ಕಣಿವೆ ಒಟ್ಟಿಗೆ ಕಾಣುತ್ತೆ. ಮೊದಲ ಸಲ ನೋಡಿದಾಗ ಅರ್ಧ ಗಂಟೆ ನನಗೆ ಮಾತೇ ಹೊರಡಲಿಲ್ಲ!" ಅತಿಥಿಗಳು ತಲೆದೂಗುತ್ತಾರೆ. ನನ್ನ ಬಾಯಿ ಅರ್ಧ ಗಂಟೆ ಸುಮ್ಮನಿತ್ತು ಅಂದರೂ ನಂಬುವಂಥ ಒಳ್ಳೆಯ ಜನ.

ನಿಜ ಹೇಳಿಬಿಡುತ್ತೇನೆ. ಆ ತುದಿಯನ್ನು ನಾನು ಕಂಡೇ ಇರಲಿಲ್ಲ. ಎತ್ತರಕ್ಕೆ ಹೋದರೆ ನನ್ನ ತಲೆ ಗಿರ್ರನೆ ಸುತ್ತುತ್ತದೆ. ನಮ್ಮಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತುವವಳು ಹೆಂಡತಿ, ಕೆಳಗೆ ನಿಂತು "ಹುಷಾರು, ಹುಷಾರು" ಅನ್ನುವವನು ನಾನು. ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಬಂಡೆಯಿದೆ. ಅದರಿಂದಾಚೆಗಿನ ನನ್ನ ಜ್ಞಾನವೆಲ್ಲ ಹತ್ತಿ ಬಂದವರ ಬಾಯಿಂದ ಹೆಕ್ಕಿದ್ದು. ಹಜಾರದ ಗೋಡೆಗೆ ಹಾಕಿರುವ ದಾರಿಯ ನಕ್ಷೆಯನ್ನೂ ಹಾಗೇ ಕೇಳಿ ಕೇಳಿ ಬರೆದಿದ್ದೆ.

ಅತಿಥಿಗಳ ಕಿವಿಗೆ ಹೂ ಇಟ್ಟರೆ ಏನು ಮಹಾ, ನಾಳೆ ಹೊರಟು ಹೋಗುವವರು. ತೊಂದರೆ ಏನೆಂದರೆ, ಮದುವೆಗೆ ಮುಂಚೆ ಹೆಂಡತಿಯ ಮುಂದೆಯೂ ಇದೇ ಬುರುಡೆ ಬಿಟ್ಟಿದ್ದೆ. ತುದಿಯಲ್ಲಿ ಒಂದು ತಗಡಿನ ಡಬ್ಬವಿದೆ, ಅದರೊಳಗೊಂದು ದಪ್ಪ ಪುಸ್ತಕ. ಹತ್ತಿದವರು ಅದರಲ್ಲಿ ಹೆಸರು, ತಾರೀಕು ಬರೆದು ಬರುತ್ತಾರೆ. "ನನ್ನ ಹೆಸರೂ ಇದೆ" ಎಂದು ಕೊಚ್ಚಿಕೊಂಡಿದ್ದೆ. ಆಗ ಅವಳು ನನ್ನನ್ನು ನೋಡಿದ ನೋಟಕ್ಕೆ ಇನ್ನೂ ನಾಲ್ಕು ಬೆಟ್ಟ ಸೇರಿಸಿ ಹೇಳಬಹುದಿತ್ತು. ಇಪ್ಪತ್ತೆರಡು ವರ್ಷ ಆ ಒಂದು ನೋಟವನ್ನು ನೆಚ್ಚಿಕೊಂಡೇ ಬಾಳಿದ್ದೇನೆ.

ಕಳೆದ ವಾರ ಬೆಟ್ಟ ಇಳಿದು ಬಂದ ದಂತವೈದ್ಯರೊಬ್ಬರು ಬೂಟು ಬಿಚ್ಚುತ್ತಾ, "ಮೇಲಿರೋ ಪುಸ್ತಕ ತುಂಬಿಹೋಗಿದೆ. ಐದಾರು ಸಾಲು ಉಳಿದಿದೆ ಅಷ್ಟೆ" ಎಂದರು. ಹೊದಿಕೆ ಮಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು.

"ರೀ, ಬುಧವಾರ ಯಾರೂ ಬರ್ತಿಲ್ಲ. ಹೋಗಿಬರೋಣ."

"ನಾನು ನೋಡಿದ್ದೇನಲ್ಲೇ."

"ನಿಮ್ಮ ಜೊತೆ ನಾನು ನೋಡಿಲ್ಲವಲ್ಲ."

ಪುಸ್ತಕದಲ್ಲಿ ಇವಳು ನನ್ನ ಹೆಸರು ಹುಡುಕದೆ ಬಿಡುತ್ತಾಳೆಯೇ? ಬುಧವಾರ ಮಳೆ ಬರಲಿ ಎಂದು ಬೇಡಿಕೊಂಡೆ. ಆಕಾಶ ತೊಳೆದಿಟ್ಟ ಹಾಗಿತ್ತು. ಮಂಡಿನೋವು ಅಂದೆ, ಎಣ್ಣೆ ಬಿಸಿಮಾಡಿ ತಂದಿಟ್ಟಳು. ಕೊನೆಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಹೊರಟೆವು.

ಚಪ್ಪಟೆ ಬಂಡೆಯವರೆಗೆ ನಾನೇ ರಾಜ. ಕೇಳದಿದ್ದರೂ ಗಿಡಗಂಟಿಗಳ ಪರಿಚಯ ಮಾಡಿಸಿದೆ. ಅಲ್ಲಿಂದಾಚೆ ದಾರಿ ಕವಲಾಯಿತು. ನನ್ನದೇ ನಕ್ಷೆ ನೆನಪಿಸಿಕೊಂಡು ಠೀವಿಯಿಂದ ಎಡಕ್ಕೆ ತಿರುಗಿದೆ.

"ಅದು ಆಡು ಓಡಾಡೋ ದಾರಿ ಕಣ್ರೀ" ಎಂದು ಅವಳು ಬಲಕ್ಕೆ ನಡೆದಳು.

"ನಿನಗೆ ಹೇಗೆ ಗೊತ್ತು?"

"ನೋಡಿದ್ರೆ ಗೊತ್ತಾಗಲ್ವಾ?"

ನನಗೆ ನೋಡಿದರೂ ಗೊತ್ತಾಗಿರಲಿಲ್ಲ. ಕೊನೆಯ ಏರಿನಲ್ಲಂತೂ ಮಾನ ಮರ್ಯಾದೆ ಬಿಟ್ಟು ನಾಲ್ಕು ಕಾಲಿನಲ್ಲಿ ಹತ್ತಿದೆ. ಅವಳು ಹಿಂದೆ ತಿರುಗಿ ನೋಡದೆ ಕೈ ಚಾಚಿದಳು, ಗಟ್ಟಿಯಾಗಿ ಹಿಡಿದುಕೊಂಡೆ. ತುದಿ ತಲುಪಿದವನೇ ಕಲ್ಲಿಗೆ ಬೆನ್ನು ಒತ್ತಿ ಕೂತು ಕಣ್ಣು ಮುಚ್ಚಿದೆ. ಅಲ್ಲಿ ಮೂರು ಕಣಿವೆ ಇತ್ತೋ ಮೂವತ್ತಿತ್ತೋ, ಯಾರಿಗೆ ಬೇಕಿತ್ತು?

ಡಬ್ಬದ ಮುಚ್ಚಳ ತೆಗೆದ ಸದ್ದು. ಪುಟ ತಿರುವುವ ಸದ್ದು. ಇನ್ನು ನಾನೇ ಹೇಳಿಬಿಡುವುದು ಮೇಲು ಅನ್ನಿಸಿತು.

"ನೋಡೇ, ಒಂದು ಮಾತು..."

"ಇಲ್ಲಿದೆ ನೋಡಿ" ಎಂದಳು.

ಕಣ್ಣು ತೆರೆದು ಪುಸ್ತಕವನ್ನಷ್ಟೇ ನೋಡಿದೆ. ಹಳೆಯ ಪುಟವೊಂದರ ಕೆಳಗೆ, ಖಾಲಿ ಉಳಿದಿದ್ದ ಒಂದೇ ಸಾಲಿನ ಜಾಗದಲ್ಲಿ ನನ್ನ ಹೆಸರು! ಮದುವೆಯ ಹಿಂದಿನ ವರ್ಷದ ತಾರೀಕು! ದೇವರಾಣೆಗೂ, ನಾನು ಹತ್ತಿದ್ದೆನೇನೋ ಎಂದು ಒಂದು ಕ್ಷಣ ನನಗೇ ನಂಬಿಕೆ ಬಂತು. ಆಮೇಲೆ ಅಕ್ಷರದ ಗುರುತು ಸಿಕ್ಕಿತು. ಅಡುಗೆಮನೆಯ ಉಪ್ಪು, ಸಕ್ಕರೆ ಡಬ್ಬಗಳ ಚೀಟಿಯ ಮೇಲಿರುವ ಅದೇ ದುಂಡು ಅಕ್ಷರ.

"ಯಾವಾಗ?"

"ಮದುವೆಯಾದ ವರ್ಷ. ನೀವು ಹಲ್ಲು ಕೀಳಿಸೋಕೆ ಪೇಟೆಗೆ ಹೋಗಿದ್ರಲ್ಲ, ಆವತ್ತು. ನಿಮ್ಮ ಹೆಸರು ನೋಡೋ ಆಸೆ ಆಯ್ತು. ಮೂರು ಸಲ ಹುಡುಕಿದೆ."

"ನನ್ನನ್ನ ಕೇಳಬಾರದಿತ್ತಾ?"

"ಸಿಟ್ಟೇನೋ ಬಂತು. ಆಮೇಲೆ, ಯಾರಾದ್ರೂ ಅತಿಥಿಗಳು ಹುಡುಕಿ ನಿಮ್ಮ ಮರ್ಯಾದೆ ತೆಗೆದ್ರೆ ಅನ್ನಿಸ್ತು. ಜಾಗ ಇತ್ತು, ಬರೆದೆ."

ನಾಚಿಕೆಯಿಂದ ಹಿಡಿಯಷ್ಟಾದೆ. ಇಪ್ಪತ್ತೆರಡು ವರ್ಷ ಪ್ರತಿದಿನ ಬೆಳಿಗ್ಗೆ ಇವಳು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನನ್ನ ಭಾಷಣ ಕೇಳಿದ್ದಾಳೆ. ಒಂದು ದಿನವೂ ನಕ್ಕಿಲ್ಲ. ನನಗೆ ಅಳು ಬಂತು, ಬಂದದ್ದನ್ನು ತಡೆಯಲೂ ಇಲ್ಲ.

ಪುಸ್ತಕದ ಜೊತೆಗಿದ್ದ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಲು ಹೋದೆ. ಅವಳು ಕೈ ಹಿಡಿದಳು.

"ಅದು ನಾನು ಬರೆದದ್ದು, ಮುಟ್ಟಬೇಡಿ. ನಿಮ್ಮದು ಕೊನೇ ಪುಟದಲ್ಲಿ ಬರೀರಿ. ಪುಸ್ತಕ ಮುಗಿಯೋದ್ರೊಳಗೆ ಬರೆಸೋಣ ಅಂತಲೇ ಕರ್ಕೊಂಡು ಬಂದೆ."

"ನಿನ್ನ ಹೆಸರೆಲ್ಲಿದೆ?"

"ಬರೀಲಿಲ್ಲ. ಬರೆದಿದ್ರೆ ಯಾರಾದ್ರೂ ಕೆಳಗೆ ಬಂದು ಹೇಳ್ತಿದ್ರು. ನಾನು ಬಂದು ಹುಡುಕಿದ್ದು ನಿಮಗೆ ತಿಳಿದುಹೋಗ್ತಿತ್ತು."

ಕೊನೆಯ ಪುಟದಲ್ಲಿ ಮೊದಲು ಅವಳ ಹೆಸರು ಬರೆದೆ. ಅದರ ಕೆಳಗೆ ನನ್ನದು, ಮುಂದೆ 'ಮೊದಲ ಸಲ' ಎಂದು ಸೇರಿಸಿದೆ. ಅವಳ ತೋಳು ಹಿಡಿದುಕೊಂಡು ಎದ್ದು ನಿಂತು, ಧೈರ್ಯ ಮಾಡಿ ಕೆಳಗೆ ನೋಡಿದೆ. ಎಣಿಸಿದೆ. ಮತ್ತೆ ಎಣಿಸಿದೆ.

"ಎರಡೇ ಕಣಿವೆ ಇದೆಯಲ್ಲೇ!"

"ಎರಡೇ ಇರೋದು. ಇಳಿದು ಬಂದವರು ನನ್ನ ಹತ್ರ ಕೇಳ್ತಾರೆ. ಮೂರನೇದು ಇವತ್ತು ಮಂಜಲ್ಲಿ ಮುಚ್ಚಿಹೋಗಿರಬೇಕು ಅಂತ ಹೇಳಿ ಕಳಿಸ್ತೀನಿ."