ಬಚ್ಚಲ ಹಂಡೆಯ ಸವತಿ

ನಾನು ಒಂದು ತಾಮ್ರದ ಹಂಡೆ. ಅರಕಲಗೂಡಿನ ಕಡೆಯ ಒಬ್ಬ ಕಂಚುಗಾರರ ಅಂಗಳದಲ್ಲಿ ಮರದ ಕೊಡತಿಯ ಏಟು ತಿಂದು ತಿಂದು ಹೊಟ್ಟೆ ಮೂಡಿಸಿಕೊಂಡವಳು. ನಾನು ಹುಟ್ಟಿದ ತಗಡಿನಲ್ಲೇ ಇನ್ನೊಂದು ತುಂಡು ಉಳಿದಿತ್ತು. ಅದು ಕಳಶವಾಗಿ ದೇವಸ್ಥಾನದ ಗೋಪುರ ಹತ್ತಿತು. ನಾನು ಮದುವೆಯ ಬಳುವಳಿಯಾಗಿ ಬಚ್ಚಲು ಸೇರಿದೆ. ದೇವರು ಹೀಗೇಕೆ ಹಂಚಿದ ಎಂದು ಕೇಳುವಷ್ಟು ಬುದ್ಧಿ ನನಗಿತ್ತು. ಒಪ್ಪಿಕೊಳ್ಳುವಷ್ಟು ಇರಲಿಲ್ಲ.

ನನ್ನನ್ನು ತಂದ ಮದುಮಗಳ ಹೆಸರು ಪುಟ್ಟಗೌರಮ್ಮ. ದಸರೆ ಮುಗಿದರೆ ಸಾಕು, ಅವಳು ಮನೆಯನ್ನು ಚಳಿಗೆ ಸಜ್ಜು ಮಾಡಲು ನಿಲ್ಲುತ್ತಿದ್ದಳು. ಕಂಬಳಿಗಳು ಬಿಸಿಲಿಗೆ ಹೋಗುತ್ತಿದ್ದವು. ಹುರುಳಿ, ರಾಗಿ ಡಬ್ಬ ಸೇರುತ್ತಿದ್ದವು. ಕಂಬಳಿಗೆ ಸಿಕ್ಕ ಬಿಸಿಲು ಕಂಡು ನನಗೆ ಉರಿಯುತ್ತಿತ್ತು. ಆದರೆ ಚಳಿಗಾಲಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಮೊದಲ ಪಾಲು ಎರಡು ಗಾಡಿ ಸೌದೆಗೆ, ಅಂದರೆ ನನಗೆ. ಅಷ್ಟು ಸಮಾಧಾನ.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆಯಂತೂ ನಾನೇ ರಾಣಿ. ಅವಳು ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆ ಬಳ್ಳಿ ಕಟ್ಟಿ, ಕೈ ಮುಗಿಯುತ್ತಿದ್ದಳು. "ತಾಯಿ ಗಂಗಮ್ಮ, ಈ ಚಳಿ ದಾಟಿಸಮ್ಮ." ಮರುದಿನ ಬೆಳಗಿನ ಜಾವ ಒಲೆಯ ಮುಂದೆ ಕೂತು ಊದುಕೊಳವೆ ಊದುವಾಗ ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದು ನನ್ನ ಮೇಲಿನ ಭಕ್ತಿ ಎಂದುಕೊಂಡೆ. ನಲವತ್ತು ವರ್ಷ ಹಾಗೇ ಎಂದುಕೊಂಡೆ.

ಆ ವರ್ಷ ಮಗಳು ಲಲಿತೆ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇಪ್ಪತ್ತು ದಿನ. ಬಾಣಂತಿಗೆ ದಿನಾ ಸುಡುಸುಡು ನೀರು ಬೇಕು. ಇತ್ತ ಪುಟ್ಟಗೌರಮ್ಮನಿಗೆ ಕೆಮ್ಮು ಹಿಡಿದು ಮೂರು ತಿಂಗಳಾಗಿತ್ತು. ಇನ್ನೊಂದು ಚಳಿಗಾಲ ಹೊಗೆ ಕುಡಿದರೆ ಎದೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಮಗ ಚನ್ನಕೇಶವ ಸೌದೆಯ ದುಡ್ಡಿಗೆ ತನ್ನ ಬೋನಸ್ಸು ಸೇರಿಸಿ ಒಂದು ಗೀಸರ್ ತಂದ. ಬೆಳ್ಳಗೆ, ದುಂಡಗೆ, ಗೋಡೆಯ ಮೇಲೆ ನನ್ನ ನೆತ್ತಿಗೆ ಸರಿಯಾಗಿ ಕೂತಿತು. ಮಸಿಯಿಲ್ಲ, ಬೂದಿಯಿಲ್ಲ. ಹಣೆಯಲ್ಲಿ ಒಂದು ಕೆಂಪು ದೀಪ ಬೇರೆ.

"ಇದಕ್ಕೆ ತಿಂಗಳಿಗೆ ಎಷ್ಟು ಬರುತ್ತಪ್ಪ ಬಿಲ್ಲು?" ಪುಟ್ಟಗೌರಮ್ಮ ಕೇಳಿದಳು.

"ಅದನ್ನ ಆಮೇಲೆ ನೋಡೋಣಮ್ಮ."

"ಆಮೇಲೆ ಅಂದ್ರೆ ಯಾವಾಗ? ಲೈನ್‌ಮ್ಯಾನ್ ಬಂದು ಕಂಬ ಹತ್ತಿದ ಮೇಲಾ?"

ಒಳಗಿನಿಂದ ಲಲಿತೆ ನಕ್ಕಳು. ಕೇಶವ ನಗಲಿಲ್ಲ. ಗೀಸರ್ ಬಂದ ರಟ್ಟಿನ ಪೆಟ್ಟಿಗೆ ಮಡಚತೊಡಗಿದ.

ಹಬ್ಬದ ಸಂಜೆ ಬಂತು. ನಾನು ಕೊರಳೊಡ್ಡಿ ಕಾದೆ. ಪುಟ್ಟಗೌರಮ್ಮ ಬಳ್ಳಿ ಹಿಡಿದು ಬಂದು, ನನ್ನ ಮುಂದೆ ಸ್ಟೂಲ್ ಹಾಕಿ ಹತ್ತಿದಳು.

"ಅಮ್ಮಾ, ಅದಕ್ಕಾ?" ಎಂದಳು ಲಲಿತೆ.

"ಇನ್ನು ನೀರು ಕಾಯಿಸೋದು ಯಾರೇ? ಅದೇ ತಾನೆ? ಹಾಗಾದ್ರೆ ಪೂಜೆ ಅದಕ್ಕೇ ಸಲ್ಲಬೇಕು."

ನನ್ನ ಬಳ್ಳಿ ಅದರ ಕೊರಳಿಗೆ ಬಿತ್ತು. ನನ್ನ ಪಟ್ಟೆ ಅದರ ಹೊಟ್ಟೆ ಏರಿತು. ಭಗವಂತ, ಇದು ಸುಟ್ಟು ಹೋಗಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಅವಳು ಶಾಸ್ತ್ರ ಬಿಡಬಾರದೆಂದು ಮಾವಿನೆಲೆ ಅದ್ದಿ, ಉರಿಯುತ್ತಿದ್ದ ಆ ಕೆಂಪು ದೀಪಕ್ಕೂ ಪಕ್ಕದ ಸ್ವಿಚ್ಚಿಗೂ ಮೂರು ಸಲ ನೀರು ಚಿಮುಕಿಸಿದಳು. ಟಪ್ ಎಂದಿತು. ದೀಪ ಆರಿತು. ಯಾರಿಗೂ ಏನೂ ಆಗಲಿಲ್ಲ. ಗೀಸರ್ ಮಾತ್ರ ಸತ್ತಂತೆ ಕೂತಿತು.

"ಕರೆಂಟಿಗೆ ತೀರ್ಥ ಕೊಟ್ಟೆಯಲ್ಲಮ್ಮ" ಎಂದ ಕೇಶವ.

ಬೆಳಗ್ಗೆ ಎಣ್ಣೆ ಸ್ನಾನಕ್ಕೆ ನನ್ನನ್ನೇ ಹಚ್ಚಬೇಕಾಯಿತು. ಕೇಶವ ಒಲೆಗೆ ಕೈಹಾಕಿದರೆ ಅವಳು ಬಿಡಲಿಲ್ಲ. ಹಿತ್ತಿಲಿನ ಹಸಿ ಕಟ್ಟಿಗೆ ತುರುಕಿ ಊದಿದಳು. ನನಗೆ ಎಂಥ ಸಂಭ್ರಮ ಅಂತೀರಿ. ಎಂದೂ ಕಾಯದಷ್ಟು ಬೇಗ ಕಾದೆ. ಸವತಿ ನೋಡಲಿ ಎಂದು ಬುಳುಬುಳು ಕುದಿದೆ.

ಆಗ ಅವಳು ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಕೊಳವೆ ಕೈಯಿಂದ ಜಾರಿತು. ತುಟಿ ನೀಲಿಯಾಯಿತು. ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಲಲಿತೆ ಏಳಲಾರದೆ, "ಅಣ್ಣಾ, ಅಮ್ಮನ್ನ ಹೊರಗೆ ಕರ್ಕೊಂಡು ಹೋಗು" ಎಂದು ಕೂಗಿದಳು. ಅವನು ತಾಯಿಯನ್ನು ಎತ್ತಿಕೊಂಡೇ ಅಂಗಳಕ್ಕೆ ಓಡಿದ. ನನ್ನ ಸುತ್ತ ಹೊಗೆ ಮಾತ್ರ ಉಳಿಯಿತು. ಅವಳ ಕಣ್ಣೀರು ಯಾತರದೆಂದು ಆ ಹೊಗೆಯಲ್ಲಿ ನನಗೆ ಕಾಣಿಸಿತು.

ಮೂರನೆಯ ದಿನ ಎದ್ದು ಕೂತ ಮೇಲೆ, ಯಾರೂ ಹೇಳದೆ ಅವಳೇ ನನ್ನನ್ನು ಆಟೋದಲ್ಲಿಟ್ಟುಕೊಂಡು ಪಾತ್ರೆ ಅಂಗಡಿಗೆ ಹೋದಳು. ಅಂಗಡಿಯ ಶೇಷಪ್ಪ ತೂಗಿ, ನನ್ನ ತಳ ಸವರಿ ಹೇಳಿದ:

"ಮಸಿಗೆ ಅರ್ಧ ಕೆ.ಜಿ. ಕಳೀತೀನಿ ಗೌರಮ್ಮ."

"ಕಳಿ. ನನ್ನ ಎದೆಯೊಳಗೂ ಅಷ್ಟೇ ಇದೆ. ಅದಕ್ಕೇನು ಕೊಡ್ತೀಯ?"

ಶೇಷಪ್ಪ ಪೂರ್ತಿ ತೂಕಕ್ಕೇ ದುಡ್ಡು ಕೊಟ್ಟ. ಅವಳು ಅದನ್ನು ಸೆರಗಿಗೆ ಗಂಟು ಹಾಕಿ, ಜೊತೆಗೆ ಬಂದಿದ್ದ ಮಗನಿಗೆ ಹೇಳಿದಳು: "ಶಿವರಾತ್ರಿವರೆಗೂ ಕರೆಂಟ್ ಬಿಲ್ಲಿಗೆ ಆಯ್ತಪ್ಪ. ಬೇಗ ರಿಪೇರಿಯವನನ್ನ ಕರೆಸು." ಮೆಟ್ಟಿಲಿಳಿಯುವ ಮೊದಲು ನನ್ನ ಅಂಚಿನ ಮೇಲೆ ಒಂದು ಗಳಿಗೆ ಅಂಗೈ ಊರಿದಳು.

ಈಗ ಅಂಗಡಿಯ ಮೂಲೆಯಲ್ಲಿ ತಣ್ಣಗೆ ಕೂತಿದ್ದೇನೆ. ಆ ಮನೆಯಲ್ಲಿ ಕೂಸು ಬೆಚ್ಚಗೆ ಮೀಯುತ್ತಿರಬೇಕು. ಪುಟ್ಟಗೌರಮ್ಮ ಕೆಮ್ಮದೆ ನೀರೆರೆಯುತ್ತಿರಬೇಕು. ಸವತಿಯ ಮೇಲಿನ ಉರಿ ಇನ್ನೂ ಇದೆ, ದೇವರ ಮುಂದೆ ಸುಳ್ಳು ಹೇಳಲಾರೆ. ಆದರೆ ಈ ಚಳಿಗೆ ಅದು ಕಾಯಿಸುವ ಒಂದೊಂದು ಬಿಂದಿಗೆ ನೀರೂ ನನ್ನನ್ನು ಮಾರಿದ ದುಡ್ಡಿನಲ್ಲೇ ಕಾಯುತ್ತದೆ.