ಮೂರು ಗಂಟೆ ಎಂದರೆ ಮೂರೇ ಗಂಟೆ

ಹಡಗಿನವರು ನನಗೆ ಕೊಟ್ಟಿದ್ದ ಹೊತ್ತು ಹನ್ನೊಂದರಿಂದ ಹನ್ನೊಂದೂವರೆ. ನಾನು ಹತ್ತಕ್ಕೇ ಬಂದರಿನ ಬಾಗಿಲಲ್ಲಿ ನಿಂತಿದ್ದೆ. ಕಾವಲಿನವನು ನನ್ನ ಕಾಗದ ನೋಡಿ, ಹಿಂದಿನ ಪ್ರಯಾಣದವರೇ ಇನ್ನೂ ಇಳಿದಿಲ್ಲ, ಹಾಸಿಗೆ ಕೂಡ ಆರಿರಲಿಕ್ಕಿಲ್ಲ, ಅಷ್ಟೇನು ಅವಸರ ಎಂದು ನಕ್ಕ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವಳು ನಾನು. ಹೊತ್ತಿಗೆ ಮುಂಚೆ ಬಂದವರನ್ನು ನೋಡಿ ನಗುವವರನ್ನು ಕಂಡರೆ ನನಗಾಗುವುದಿಲ್ಲ. ಆದರೆ ಆವತ್ತು ಯಾರ ಮೇಲೂ ರೇಗಬಾರದೆಂದು ಮನೆಯಿಂದ ಹೊರಡುವಾಗಲೇ ತೀರ್ಮಾನಿಸಿದ್ದೆ. ತಂಗಿ ಬರುವವಳಿದ್ದಳು. ಒಂಬತ್ತು ವರ್ಷದ ಮೇಲೆ.

ನಮ್ಮ ಮನೆಯಲ್ಲಿ ಅವಳಿಗೆ ಆಮೆ ಎಂದೇ ಹೆಸರು. ಬೇರೆ ಊರಲ್ಲಿ ಅವಳದು ಕೂದಲು ಕತ್ತರಿಸುವ ಅಂಗಡಿ. ಬಾಗಿಲು ಹಾಕುವ ಹೊತ್ತಿಗೆ ಯಾರಾದರೂ ಬಂದು ಕುರ್ಚಿಯಲ್ಲಿ ಕೂತರೆ, ನಾಳೆ ಬನ್ನಿ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಅವಳಿಗೆ ಕಾದು ಕಾದು ಸಾಕಾಗಿ ಅಮ್ಮ ಒಂದು ಉಪಾಯ ಹೂಡಿದಳು. ಎಲ್ಲಿಗೆ ಹೋಗುವುದಿದ್ದರೂ ಅವಳಿಗೆ ಒಂದು ಗಂಟೆ ಮುಂಚಿನ ಸಮಯ ಹೇಳುವುದು. ಐದಕ್ಕೆ ಊಟಕ್ಕೆ ಕರೆದಿದ್ದರೆ ನಾಲ್ಕು, ಎಂಟಕ್ಕೆ ರೈಲಿದ್ದರೆ ಏಳು. ಅವಳು ಸರಿಯಾಗಿ ಐದಕ್ಕೆ, ಸರಿಯಾಗಿ ಎಂಟಕ್ಕೆ ಏದುಸಿರು ಬಿಡುತ್ತಾ ಬರುತ್ತಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಮ್ಮ ಹೋದ ಮೇಲೆ ಆ ಸುಳ್ಳಿನ ಉಸ್ತುವಾರಿ ನನ್ನ ಪಾಲಿಗೆ ಬಂತು.

ಅಪ್ಪನನ್ನು ಕಳಿಸಿಕೊಟ್ಟ ಬೆಳಿಗ್ಗೆ ಮಾತ್ರ ಅವಳು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳ ಕೈ ಹಿಡಿದುಕೊಂಡು ಅವಳು ಗೇಟು ದಾಟಿ ಒಳಗೆ ಬಂದಾಗ ನಾವು ಆಗಲೇ ಸ್ಮಶಾನದಿಂದ ಹಿಂತಿರುಗಿ ಕೈಕಾಲು ತೊಳೆಯುತ್ತಿದ್ದೆವು. ನೆಂಟರೆಲ್ಲ ನಿಂತಿದ್ದಂತೆಯೇ ನಾನು ಅಂದೆ: "ಸತ್ತವರೂ ನಿನಗೋಸ್ಕರ ಕಾಯ್ಬೇಕಾ?" ಅವಳು ನನ್ನನ್ನೇ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು, ಬಂದ ಕಾಲಲ್ಲೇ ತಿರುಗಿ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಮೇಲೆ ಅವಳೂ ಬರಲಿಲ್ಲ, ನಾನೂ ಕರೆಯಲಿಲ್ಲ. ಇಬ್ಬರಲ್ಲೂ ಇದ್ದ ಒಂದೇ ಆಸ್ತಿ ಎಂದರೆ ಹಟ.

ಕೆಲಸದಿಂದ ನಿವೃತ್ತಿಯಾದ ಮೇಲೆ ಖಾಲಿ ಮನೆ ಕಚ್ಚಲು ಬಂದಂತಾಗತೊಡಗಿತು. ಬೆಳಿಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದುದು ಅವಳೇ. ಚಿಕ್ಕವರಿದ್ದಾಗ ಒಂದೇ ಹೊದಿಕೆಯಲ್ಲಿ ಮಲಗಿ ಅವಳು ತಣ್ಣನೆ ಪಾದಗಳನ್ನು ನನ್ನ ಕಾಲಿಗೆ ಒತ್ತುತ್ತಿದ್ದುದು ನೆನಪಾಗುತ್ತಿತ್ತು. ಅವಳು ಬೇಕಿತ್ತು ನನಗೆ. ಅಷ್ಟೇ ವಿಷಯ. ಅದಕ್ಕೇ ನಾಲ್ಕು ದಿನದ ಹಡಗು ಪ್ರಯಾಣಕ್ಕೆ ಇಬ್ಬರಿಗೂ ಸೇರಿಸಿ ಒಂದೇ ಕೋಣೆ ಹಿಡಿದೆ. ಹಡಗಿನಲ್ಲಾದರೆ ಸಿಟ್ಟು ಬಂದರೂ ಎದ್ದು ಮನೆಗೆ ಹೋಗಲು ಆಗುವುದಿಲ್ಲ.

ಫೋನ್ ಮಾಡಿ ಹಡಗಿನ ವಿಷಯ ಹೇಳಿದೆ. ಬರುತ್ತೇನೆ ಎಂದಳು. ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದಾಗ ಹಳೆಯ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಐವತ್ತೇಳು ವರ್ಷದ ಹೆಂಗಸನ್ನು ಇನ್ನೂ ಮಗುವಿನ ಹಾಗೆ ಯಾಮಾರಿಸುವುದೇ? ಹೊಸದಾಗಿ ಶುರುಮಾಡುವುದಾದರೆ ನೇರವಾಗಿಯೇ ಶುರುಮಾಡೋಣ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊಟ್ಟಿರುವ ಹೊತ್ತು ಹನ್ನೊಂದಾದರೂ ಆಮೇಲೆ ಯಾವಾಗ ಬೇಕಾದರೂ ಹತ್ತಬಹುದು, ಮೂರಕ್ಕೆ ಕೌಂಟರ್ ಮುಚ್ಚುತ್ತಾರೆ, ಆಮೇಲೆ ಯಾರು ಬಂದರೂ ಹತ್ತಿಸಿಕೊಳ್ಳುವುದಿಲ್ಲ ಎಂದೆ. ಅವಳು "ಮೂರಾ?" ಅಂದಳು. ನಾನು "ಮೂರು" ಅಂದೆ. ಆ ಕಡೆಯಿಂದ ಸಣ್ಣ ನಗು ಕೇಳಿಸಿತು. ಆ ನಗು ಕೇಳಿದ್ದೇ ನನಗೆ ಆ ವಾರವೆಲ್ಲ ಹಬ್ಬವಾಯಿತು.

ಹನ್ನೊಂದಕ್ಕೆ ಬಾಗಿಲು ತೆರೆದರು. ಪೆಟ್ಟಿಗೆಗೆ ಚೀಟಿ ಕಟ್ಟಿ ಕೂಲಿಯವನಿಗೆ ಒಪ್ಪಿಸಿದೆ. ಕೌಂಟರಿನ ಹುಡುಗಿ ಫೋಟೋ ತೆಗೆದು, ಕೋಣೆಯ ಕಾರ್ಡು ಕೊಟ್ಟಳು. ಹನ್ನೆರಡಕ್ಕೆಲ್ಲ ನಾನು ಹಡಗಿನ ಒಳಗಿದ್ದೆ. ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಮೊಳ ಜಾಗ. ಕಿಟಕಿಯ ಪಕ್ಕದ ಮಂಚ ಅವಳಿಗೆಂದು ಬಿಟ್ಟು, ಗೋಡೆ ಬದಿಯದರ ಮೇಲೆ ಕೂತು ನೋಡಿದೆ. ಕೈ ಚಾಚಿದರೆ ಆ ಮಂಚ ಸಿಗುತ್ತಿತ್ತು.

ಒಂದು ಗಂಟೆಗೆ ಹಡಗಿನ ಮೇಲಿನ ಡೆಕ್ಕಿಗೆ ಹೋದೆ. ಅಲ್ಲಿಂದ ಬಂದರಿನ ಬಾಗಿಲು ಕಾಣುತ್ತಿತ್ತು. ಟ್ಯಾಕ್ಸಿಗಳು ಬರುತ್ತಿದ್ದವು, ಮಕ್ಕಳು, ಮುದುಕರು, ಹೊಸದಾಗಿ ಮದುವೆಯಾದವರು ಇಳಿಯುತ್ತಿದ್ದರು. ಗಿಡ್ಡಗೆ ಯಾರೇ ಕಂಡರೂ ಅವಳೇ ಎನಿಸುತ್ತಿತ್ತು. ಎರಡಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ಫೋನ್ ಯಾವತ್ತೂ ಚೀಲದ ತಳದಲ್ಲೇ. ಎರಡೂಕಾಲಿಗೆ ಮಾಡಿದೆ, ಎರಡೂವರೆಗೆ ಮಾಡಿದೆ. ಮೊದಲು ಸಿಟ್ಟು ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬೈದುಕೊಂಡೆ. ಆಮೇಲೆ ಭಯವಾಯಿತು. ಬರಲೇಬಾರದು ಎಂದುಕೊಂಡೇ ಬರುತ್ತೇನೆ ಎಂದಳೋ ಏನೋ.

ಮೂರಕ್ಕೆ ಹತ್ತು ನಿಮಿಷವಿರುವಾಗ, ಹಡಗಿನಿಂದ ದಡಕ್ಕೆ ಇಳಿಯುವ ಏಣಿಬಾಗಿಲಿಗೆ ಬಂದೆ. ಅಲ್ಲಿದ್ದ ಅಧಿಕಾರಿ, ಇಳಿಯಬಹುದು, ಆದರೆ ಮೂರೂವರೆಗೆ ಏಣಿ ತೆಗೆಯುತ್ತೇವೆ, ಅಷ್ಟರೊಳಗೆ ಹತ್ತಿಬಿಡಿ ಎಂದ. ಇಳಿದು ಕೌಂಟರಿಗೆ ಓಡಿದೆ. ನನ್ನ ತಂಗಿ ದಾರಿಯಲ್ಲಿದ್ದಾಳೆ, ಹತ್ತು ನಿಮಿಷ ತಡೆಯಮ್ಮ ಎಂದು ಹುಡುಗಿಯನ್ನು ಬೇಡಿಕೊಂಡೆ. ಪ್ರಯಾಣಿಕರ ಪಟ್ಟಿ ಮೂರಕ್ಕೆ ಹೋಗಲೇಬೇಕು, ಒಬ್ಬರಿಗೆ ತಡೆದರೆ ಎಲ್ಲರಿಗೂ ತಡೆಯಬೇಕಾಗುತ್ತೆ ಎಂದಳು ಅವಳು, ಬಲು ಮೃದುವಾಗಿ. ಬಸ್ಸಿನ ಹಿಂದೆ ಓಡಿಬಂದ ಎಷ್ಟು ಜನಕ್ಕೆ ನಾನು ಇದೇ ಮಾತು ಹೇಳಿಲ್ಲ. ಇಷ್ಟು ಮೃದುವಾಗಿ ಹೇಳಿರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಮೂರಕ್ಕೆ ಸರಿಯಾಗಿ ಅವಳು ಕೌಂಟರಿನ ದೀಪ ಆರಿಸಿದಳು.

ನನಗೆ ಇನ್ನೂ ಅರ್ಧ ಗಂಟೆ ಇತ್ತು. ಹತ್ತಿ ಒಬ್ಬಳೇ ಹೋಗಬಹುದಿತ್ತು. ಆ ಎರಡು ಮಂಚದ ಕೋಣೆಯಲ್ಲಿ ನಾಲ್ಕು ರಾತ್ರಿ ಒಬ್ಬಳೇ ಮಲಗುವುದನ್ನು ನೆನೆದುಕೊಂಡೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತೆ. ಮೂರೂಕಾಲಿಗೆ ಅಧಿಕಾರಿ ಆಳು ಕಳಿಸಿದ. ಬರುವುದಿಲ್ಲ ಎಂದೆ. ನಿಮ್ಮ ಪೆಟ್ಟಿಗೆಯನ್ನು ಈಗ ಹುಡುಕಿ ಇಳಿಸಲು ಆಗುವುದಿಲ್ಲವಲ್ಲ ಎಂದ ಅವನು. ಅದಾದರೂ ಊರು ನೋಡಿಕೊಂಡು ಬರಲಿ ಬಿಡಿ ಎಂದೆ. ಮೂರೂವರೆಗೆ ಏಣಿ ತೆಗೆದರು.

ಹದಿನೈದು ನಿಮಿಷ ಬಿಟ್ಟು ಒಂದು ಟ್ಯಾಕ್ಸಿ ಬಂತು. ತಂಗಿ ಇಳಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಚಿಕ್ಕ ಪೆಟ್ಟಿಗೆ, ಮೈಮೇಲೆ ಹೊಸ ಬಟ್ಟೆ, ಮುಖದ ತುಂಬ ಪರೀಕ್ಷೆಯಲ್ಲಿ ಪಾಸಾದ ಮಗುವಿನ ಸಂತೋಷ. ನನ್ನನ್ನು ನೋಡಿ ಗಡಿಯಾರ ತೋರಿಸಿದಳು.

"ನೋಡಕ್ಕ, ಕಾಲು ಗಂಟೆ ಮುಂಚೆ ಬಂದಿದೀನಿ."

ನನಗೆ ಅರ್ಥವಾಗಲಿಲ್ಲ. ಮೂರು ಎಂದಿದ್ದೆನಲ್ಲ ಎಂದೆ. ಮೂರು ಅಂದರೆ ನಾಲ್ಕು ತಾನೇ ಎಂದು ನಕ್ಕಳು. ಅಮ್ಮನ ಕಾಲದಿಂದಲೂ ಅವಳಿಗೆ ಅದು ಗೊತ್ತಿತ್ತಂತೆ. ನಾವು ಕಳೆದಿದ್ದನ್ನು ಅವಳು ಕೂಡಿಸಿಕೊಂಡೇ ಬರುತ್ತಿದ್ದಳಂತೆ. ನಾನು ಹಡಗಿನ ಕಡೆ ನೋಡಿದೆ. ಅವಳೂ ನೋಡಿದಳು. ಏಣಿ ಇರಲಿಲ್ಲ. ಅವಳ ನಗು ನಿಂತಿತು.

"ಈ ಸಲ ನಿಜ ಹೇಳಿದ್ಯಾ?"

"ಹೂಂ."

ಅವಳು ನನ್ನ ಪಕ್ಕ ಕುಸಿದು ಕೂತಳು. ಆಗ ನನಗೆ ಹೊಳೆಯಿತು. ಅಪ್ಪ ಹೋದ ರಾತ್ರಿ ಅವಳಿಗೆ ಫೋನ್ ಮಾಡಿ ಬೆಳಿಗ್ಗೆ ಹತ್ತಕ್ಕೆ ಹೊರಡಿಸುತ್ತೇವೆ ಎಂದಿದ್ದವಳು ನಾನೇ. ಹತ್ತು ಎಂದರೆ ಹತ್ತೇ. ಆ ಹೊತ್ತಿನಲ್ಲಿ ಸುಳ್ಳು ಹೇಳುವುದು ನನಗೆ ನೆನಪೇ ಆಗಿರಲಿಲ್ಲ. ಅದನ್ನು ಹೇಗೆ ಕೇಳುವುದೆಂದು ತಿಳಿಯದೆ, ಆವತ್ತು ಕೂಡ, ಎಂದಷ್ಟೇ ಅಂದೆ.

ಆವತ್ತು ಕೂಡ ಎಂದಳು ಅವಳು. ಹೇಗೂ ಒಂದು ಗಂಟೆ ಇದೆಯಲ್ಲ, ಮಗಳಿಗೂ ತಾತನ ಮುಖ ತೋರಿಸೋಣ ಎಂದು ಹಾಸ್ಟೆಲ್ಲಿಗೆ ಹೋಗಿ ಅವಳನ್ನು ಎಬ್ಬಿಸಿ ಕರೆದುಕೊಂಡು ಬಂದಿದ್ದಳಂತೆ. ಗೇಟಿನ ಹತ್ತಿರ ಬಂದಾಗಲೇ ಏನಾಗಿದೆ ಎಂದು ತಿಳಿಯಿತಂತೆ. ಅಲ್ಲಿ ಬಾಯಿಬಿಟ್ಟು ಹೇಳಿದರೆ ಎಲ್ಲರೆದುರಿಗೆ ತಪ್ಪು ನನ್ನ ತಲೆಗೆ ಬರುತ್ತದೆ ಎಂದು ಸುಮ್ಮನೆ ಹೋದಳಂತೆ. ಒಂಬತ್ತು ವರ್ಷ ಹಾಗೇ ಸುಮ್ಮನಿದ್ದಳು.

ಹಾಗಾದರೆ ಈ ಸಲವೂ ಯಾಕೆ ಒಂದು ಗಂಟೆ ಕೂಡಿಸಿದೆ ಎಂದು ಕೇಳಿದೆ. ಅವಳು ಪೆಟ್ಟಿಗೆಯ ಹಿಡಿಯನ್ನು ಎತ್ತುತ್ತಾ ಇಳಿಸುತ್ತಾ ಇದ್ದಳು.

"ನನಗೆ ಏನೂ ತಪ್ಪಿಹೋಗಬಾರದು ಅಂತ ತಾನೇ ನೀವೆಲ್ಲ ಸುಳ್ಳು ಹೇಳ್ತಿದ್ದಿದ್ದು? ಮೂರು ಅಂದಾಗ, ಅಕ್ಕ ಮತ್ತೆ ಮೊದಲಿನ ಹಾಗೇ ಆಗಿದಾಳೆ ಅಂದ್ಕೊಂಡೆ. ಎಷ್ಟು ಖುಷಿಯಾಯ್ತು ಗೊತ್ತಾ ನನಗೆ."

ನಾನು ಅಳುತ್ತಿದ್ದೆ. ನನ್ನಿಂದ ಇನ್ನು ಮುಚ್ಚಿಡಲು ಆಗಲಿಲ್ಲ. ಆವತ್ತು ಹತ್ತಾದರೂ ಅವಳು ಬಾರದಿದ್ದಾಗ, ಇನ್ನಷ್ಟು ಹೊತ್ತು ಕಾಯೋಣ ಎಂದು ಚಿಕ್ಕಪ್ಪ ಹೇಳಿದ್ದ. ಅವಳಿಗೆ ಒಂದು ಫೋನ್ ಮಾಡಬಹುದಿತ್ತು. ನಾನು ಮಾಡಲಿಲ್ಲ. ಗಡಿಯಾರ ನೋಡಿ, ಬಸ್ಸು ಹೊರಡಿಸುವ ಹಾಗೆ, ನಡೀರಿ ಎಂದು ಕೈ ಬೀಸಿದವಳು ನಾನೇ. ಇದನ್ನೆಲ್ಲ ಅವಳಿಗೆ ಹೇಳಿದೆ. ತಪ್ಪಾಯಿತು ಎಂದೆ. ಹಡಗು ದಡ ಬಿಟ್ಟು ಸರಿಯತೊಡಗಿತ್ತು. ಇಬ್ಬರೂ ತಲೆ ಎತ್ತಿ ನೋಡಲಿಲ್ಲ.

"ಒಂದು ಕೇಳ್ಲಾ ಅಕ್ಕ? ಅಪ್ಪನ ಗಡ್ಡ ಯಾರು ತೆಗೆದ್ರು ಆವತ್ತು?"

ಅಪ್ಪನಿಗೆ ಕೈ ನಡುಗಲು ಶುರುವಾದ ಮೇಲೆ ಗಡ್ಡ ತೆಗೆಯುತ್ತಿದ್ದವಳು ಅವಳೊಬ್ಬಳೇ. ವಾರಕ್ಕೊಮ್ಮೆ ಅದಕ್ಕೆಂದೇ ಬಸ್ಸು ಹತ್ತಿ ಬರುತ್ತಿದ್ದಳು. ಬೇರೆ ಯಾರ ಕೈಗೂ ಅಪ್ಪ ಮುಖ ಕೊಡುತ್ತಿರಲಿಲ್ಲ.

"ಯಾರೂ ತೆಗೀಲಿಲ್ಲ ಕಣೆ. ನೀನು ಬರ್ತೀಯ ಅಂತ ಬಿಸಿನೀರು ಕಾಯಿಸಿಟ್ಟಿದ್ದೆ. ಆಮೇಲೆ ಹತ್ತು ಗಂಟೆ ಆಯ್ತು. ಹಾಗೇ ಕಳಿಸ್ಬಿಟ್ಟೆ."